ತೂತು ಕಾರ್ಡಿನ ಕಾಲದ ಹ್ಯಾಕರ್

ಹ್ಯಾಕಿಂಗ್ ಅಂದರೆ ನಮ್ಮ ಊರುಗಳಲ್ಲಿ ಈಗ ಒಂದೇ ಅರ್ಥ: ಒಟಿಪಿ ಕೇಳಿ ಖಾತೆ ಬಳಿದುಕೊಂಡು ಹೋಗುವುದು. ಹಾಲಿನ ಬಟವಾಡೆ ಬಂದ ದಿನವೇ ದುಡ್ಡು ಕಳೆದುಕೊಂಡವರ ಮುಂದೆ ‘ಹ್ಯಾಕಿಂಗ್ ಕೆಲವು ಸಲ ಸರಿ’ ಅಂದರೆ ಬೈಗುಳ ಖಾತ್ರಿ. ಆದರೂ ಈ ಸಲ ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಯಂತ್ರವನ್ನು ಅದರ ಯಜಮಾನನ ವಿರುದ್ಧವೇ ತಿರುಗಿಸುವುದು ಎಂದಾದರೂ ಧರ್ಮವಾದೀತೇ? ಉತ್ತರ ಹುಡುಕಲು 1940ರ ಫ್ರಾನ್ಸ್‌ಗೆ ಹೋಗಬೇಕು.

ಆಗ ಈಗಿನಂಥ ಕಂಪ್ಯೂಟರ್ ಇರಲಿಲ್ಲ, ತೂತು ಕಾರ್ಡಿನ ಯಂತ್ರ ಇತ್ತು. ಒಬ್ಬ ಮನುಷ್ಯನಿಗೆ ಒಂದು ರಟ್ಟಿನ ಕಾರ್ಡು. ಅವನ ವಯಸ್ಸು, ಊರು, ಕಸುಬು ಎಲ್ಲವೂ ಒಂದೊಂದು ಕಾಲಂನಲ್ಲಿ ತೂತಾಗಿ ಕೂರುತ್ತಿದ್ದವು. ರಾಶಿ ಕಾರ್ಡುಗಳನ್ನು ಯಂತ್ರಕ್ಕೆ ಕೊಟ್ಟರೆ, ಕಾಳು ಜರಡಿ ಹಿಡಿದಂತೆ, ಬೇಕಾದವರನ್ನು ಬೇರೆ ಮಾಡಿ ಕೊಡುತ್ತಿತ್ತು. ಹತ್ತು ಗುಮಾಸ್ತರು ತಿಂಗಳುಗಟ್ಟಲೆ ಮಾಡುವ ಕೆಲಸವದು.

ಈ ವಿದ್ಯೆಯಲ್ಲಿ ಫ್ರಾನ್ಸ್‌ನ ದೊಡ್ಡ ಹೆಸರು ರೆನೆ ಕಾರ್ಮಿಲ್. ಸೈನ್ಯದ ಲೆಕ್ಕಪತ್ರ ಅಧಿಕಾರಿ. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಉತ್ತರ ಭಾಗ ನಾಜಿಗಳ ವಶವಾಯಿತು. ದಕ್ಷಿಣದಲ್ಲಿ ಅವರಿಗೆ ತಲೆಬಾಗಿದ ವಿಶಿ ಸರ್ಕಾರ. ಆ ಸರ್ಕಾರದ ಜನಸಂಖ್ಯಾ ಇಲಾಖೆಗೆ ಕಾರ್ಮಿಲ್ ಮುಖ್ಯಸ್ಥನಾದ. ಹೊರಗೆ ನೋಡುವವರಿಗೆ ಅದು ಜನಗಣತಿಯ ಕಚೇರಿ. ಒಳಗೆ ನಡೆಯುತ್ತಿದ್ದುದು ಬೇರೆ: ಮುಂದೊಂದು ದಿನ ಜರ್ಮನಿಯ ವಿರುದ್ಧ ಸೈನ್ಯ ಕಟ್ಟಬೇಕಾದರೆ ಯಾರನ್ನು, ಎಲ್ಲಿಂದ ಕರೆಯಬೇಕು ಎಂಬ ಗುಟ್ಟಿನ ಪಟ್ಟಿ. ಅಂದರೆ ನಾಜಿಗಳ ಕಣ್ಣೆದುರೇ, ಅವರಿಗೆ ಮಣಿದ ಸರ್ಕಾರದ ಖರ್ಚಿನಲ್ಲೇ, ಅವರ ಮೇಲಿನ ಯುದ್ಧಕ್ಕೆ ತಯಾರಿ.

ಇಷ್ಟೇ ಆಗಿದ್ದರೆ ಕಥೆ ಸಲೀಸಾಗಿತ್ತು. ಆದರೆ 1941ರಲ್ಲಿ ಆತನ ಇಲಾಖೆ ದಕ್ಷಿಣ ಭಾಗದಲ್ಲಿ ನಡೆಸಿದ ಗಣತಿಯ ನಮೂನೆಯಲ್ಲಿ 11ನೇ ಪ್ರಶ್ನೆ ಹೀಗಿತ್ತು: ನೀವು ಯೆಹೂದಿಗಳೇ? ಇದನ್ನು ಸೇರಿಸಿದ್ದು ಕಾರ್ಮಿಲ್‌ನ ಇಲಾಖೆಯೇ. ಅದೇ ವರ್ಷ ಸರ್ಕಾರ ಯೆಹೂದಿಗಳನ್ನೇ ಪ್ರತ್ಯೇಕವಾಗಿ ಎಣಿಸಲು ಹೊರಟಾಗ, ಆ ಕಾಗದಗಳನ್ನು ನಮ್ಮ ಯಂತ್ರಕ್ಕೆ ಕೊಡಿ ಎಂದು ಕೇಳಿಕೊಂಡವನೂ ಅವನೇ.

ಕಾಗದಗಳು ಬಂದವು, ಕೆಲಸ ಮಾತ್ರ ಆಮೆಗತಿಯಲ್ಲಿ ಸಾಗಿತು. ಸರ್ಕಾರಿ ಕಚೇರಿಯಲ್ಲಿ ಕಡತ ನಿಧಾನವಾಗುವುದನ್ನು ನಾವೆಲ್ಲ ಶಾಪ ಹಾಕಿಯೇ ನೋಡಿದ್ದೇವೆ. ಇಲ್ಲಿ ಆ ನಿಧಾನಕ್ಕೆ ಬೇರೆಯೇ ಬೆಲೆ ಇತ್ತು. 11ನೇ ಪ್ರಶ್ನೆಯ ಉತ್ತರಗಳಿಂದ ಯೆಹೂದಿಗಳ ಪಟ್ಟಿ ಆ ಯಂತ್ರದಿಂದ ಹೊರಬರಲೇ ಇಲ್ಲ. 11ನೇ ಕಾಲಂನಲ್ಲಿ ತೂತು ಬೀಳದಂತೆ ಯಂತ್ರವನ್ನೇ ತಿದ್ದಿಸಿದ್ದ ಎಂಬ ಮಾತು ಇವತ್ತು ಬಹಳ ಓಡಾಡುತ್ತಿದೆ, ‘ಜಗತ್ತಿನ ಮೊದಲ ಒಳ್ಳೆಯ ಹ್ಯಾಕರ್’ ಎಂಬ ಬಿರುದೂ ಸಿಕ್ಕಿದೆ. ಇತಿಹಾಸಕಾರರು ಇದನ್ನು ಒಂದೇ ಬಾಯಲ್ಲಿ ಒಪ್ಪುವುದಿಲ್ಲ. ಆತ ಎಷ್ಟನ್ನು ಬೇಕೆಂದೇ ತಡೆದ, ಎಷ್ಟು ತಾನಾಗಿಯೇ ತಡವಾಯಿತು ಎಂಬ ಚರ್ಚೆ ಇನ್ನೂ ಇದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಪ್ಯಾರಿಸ್ ಪೊಲೀಸರ ಹತ್ತಿರ ಕೈಯಲ್ಲೇ ಬರೆದು ಜೋಡಿಸಿದ ಯೆಹೂದಿಗಳ ಕಾರ್ಡುಗಳಿದ್ದವು. ಅದನ್ನೇ ಹಿಡಿದುಕೊಂಡು 1942ರ ಜುಲೈ 16 ಮತ್ತು 17ರಂದು ಮನೆಮನೆಗೆ ಹೋಗಿ ಸುಮಾರು 13,000 ಜನರನ್ನು ಎಳೆದೊಯ್ದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಮನುಷ್ಯ ಮನಸ್ಸು ಮಾಡಿದರೆ ಕೊಲ್ಲಲು ಯಂತ್ರವೇ ಬೇಕೆಂದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಕೆಲವರು ನೇರ ದಾರಿ ಹಿಡಿದರು. 1943ರ ಮಾರ್ಚ್ 27ರ ರಾತ್ರಿ ವಿಲ್ಲೆಮ್ ಅರೊಂಡಿಯಸ್ ಎಂಬ ಚಿತ್ರಕಲಾವಿದ ಮತ್ತು ಗೆಳೆಯರು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜನನೋಂದಣಿ ಕಚೇರಿಗೆ ನುಗ್ಗಿದರು. ಕಾವಲುಗಾರರನ್ನು ಕೊಲ್ಲಲಿಲ್ಲ, ನಿದ್ದೆಯ ಇಂಜೆಕ್ಷನ್ ಕೊಟ್ಟು ಹೊರಗೆ ಮಲಗಿಸಿದರು. ಆಮೇಲೆ ಕಾರ್ಡುಗಳಿಗೆ ಬೆಂಕಿ. ಒಳಗೊಳಗೇ ಇವರ ಪರವಾಗಿದ್ದ ಅಗ್ನಿಶಾಮಕ ದಳದವರು ಬೇಕೆಂದೇ ತಡಮಾಡಿ ಬಂದು, ಸುಡದೆ ಉಳಿದ ಕಾರ್ಡುಗಳೂ ಹಾಳಾಗುವಷ್ಟು ನೀರು ಸುರಿದರು! ಇಷ್ಟಾದರೂ ಲಕ್ಷಗಟ್ಟಲೆ ಕಾರ್ಡುಗಳಲ್ಲಿ ಹೋದದ್ದು ಸ್ವಲ್ಪ ಪಾಲು ಮಾತ್ರ. ಅರೊಂಡಿಯಸ್ ಸೇರಿ 12 ಜನರನ್ನು ಜುಲೈ 1ರಂದು ಗುಂಡಿಟ್ಟು ಕೊಂದರು.

ಆ ದೇಶದ ದಾಖಲೆ ವ್ಯವಸ್ಥೆ ಬಹಳ ಅಚ್ಚುಕಟ್ಟು. ಅಲ್ಲಿನ ಸುಮಾರು 1,40,000 ಯೆಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಫ್ರಾನ್ಸ್‌ನಲ್ಲಿ ಸತ್ತವರು ಕಾಲು ಭಾಗದಷ್ಟು. ಈ ವ್ಯತ್ಯಾಸಕ್ಕೆ ಬೆಟ್ಟಗುಡ್ಡ, ಅಡಗಿಸಿಟ್ಟ ನೆರೆಹೊರೆಯವರು, ಆಡಳಿತದ ರೀತಿ ಹೀಗೆ ಹತ್ತಾರು ಕಾರಣ. ಎಲ್ಲವನ್ನೂ ಕಾರ್ಮಿಲ್‌ನ ತಲೆಗೆ ಕಟ್ಟಿದರೆ ಅದು ಇತಿಹಾಸವಲ್ಲ, ಹರಿಕಥೆ.

ಹಾಗಾದರೆ ಆತ ಮಾಡಿದ್ದು ಸರಿಯೇ? ಅಂದಿನ ಕಾನೂನಿನ ಲೆಕ್ಕದಲ್ಲಿ ಆತ ದ್ರೋಹಿ: ಸಂಬಳ ಕೊಡುವ ಸರ್ಕಾರಕ್ಕೆ ಸುಳ್ಳು ಹೇಳಿದ, ಇಲಾಖೆಯ ಯಂತ್ರವನ್ನು ಬೇರೆ ಕೆಲಸಕ್ಕೆ ಬಳಸಿದ. ನಮ್ಮ ಮಟ್ಟಿಗೆ ಅದು ಸರಿಯೇ. ‘ನನ್ನ ಉದ್ದೇಶ ಒಳ್ಳೆಯದು’ ಎಂದು ಪ್ರತಿ ಹ್ಯಾಕರನೂ ಹೇಳಿಯಾನು, ಅದಕ್ಕೆ ಬೆಲೆಯಿಲ್ಲ. ನಾವು ನೋಡುವುದು ಲಾಭ ಯಾರಿಗಾಯಿತು, ಪೆಟ್ಟು ಯಾರು ತಿಂದರು ಎಂಬುದನ್ನು. ಒಟಿಪಿ ಕಳ್ಳ ಪೆಟ್ಟನ್ನು ನಮಗೆ ಕೊಟ್ಟು ಲಾಭ ತಾನು ಇಟ್ಟುಕೊಳ್ಳುತ್ತಾನೆ. ಕಾರ್ಮಿಲ್‌ನದು ಉಲ್ಟಾ. ಆದರೆ ಆ 11ನೇ ಪ್ರಶ್ನೆಯನ್ನು ಕೇಳಿಸಿದ್ದು ನಮಗೆ ಇನ್ನೂ ಗಂಟಲಲ್ಲಿ ಸಿಕ್ಕ ಮುಳ್ಳು. ಆತ ಒಂದು ವರ್ಷ ಮೊದಲೇ ಸಿಕ್ಕಿಬಿದ್ದು ಆ ಕುರ್ಚಿಗೆ ಬೇರೊಬ್ಬ ಬಂದಿದ್ದರೆ? ಉತ್ತರಗಳು ಬೀರುವಿನಲ್ಲಿ ಸಿದ್ಧವಾಗಿಯೇ ಇದ್ದವಲ್ಲ.

1944ರ ಫೆಬ್ರುವರಿಯಲ್ಲಿ ಲಿಯಾನ್ ನಗರದಲ್ಲಿ ನಾಜಿ ಪೊಲೀಸರು ಆತನನ್ನು ಹಿಡಿದರು. ಜುಲೈನಲ್ಲಿ ಡಖಾವ್ ಶಿಬಿರಕ್ಕೆ ಹೊರಟ ರೈಲಿನಲ್ಲಿ ತುಂಬಿದರು; ಸೆಕೆ, ಬಾಯಾರಿಕೆ ತಾಳಲಾರದೆ ಆ ಡಬ್ಬಿಗಳಲ್ಲೇ ನೂರಾರು ಮಂದಿ ಸತ್ತರು. ಕಾರ್ಮಿಲ್ 1945ರ ಜನವರಿ 25ರಂದು ಶಿಬಿರದಲ್ಲಿ ತೀರಿಕೊಂಡ.

ಪ್ರತಿ ಪ್ರಜೆಗೂ ಆತ ರೂಪಿಸಿದ್ದ 13 ಅಂಕಿಯ ಸಂಖ್ಯೆ ಫ್ರಾನ್ಸ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಆಧಾರ್‌ನ 12 ಅಂಕಿ ನೋಡಿ ಯಾರ ಜಾತಿ, ಊರು, ಲಿಂಗ ಯಾವುದನ್ನೂ ಹೇಳಲಾಗದು. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಫ್ರೆಂಚ್ ಸಂಖ್ಯೆ ಹಾಗಲ್ಲ. ಯುದ್ಧದ ಕಾಲದಲ್ಲಿ ಅಲ್ಜೀರಿಯಾದಲ್ಲಿ ಅದರ ಮೊದಲ ಅಂಕಿಯೇ ಸ್ಥಳೀಯ ಮುಸ್ಲಿಂ, ಯೆಹೂದಿ, ಪರದೇಶಿ ಎಂದು ಜನರನ್ನು ವಿಂಗಡಿಸುತ್ತಿತ್ತು. ಆಮೇಲೆ ಆ ವಿಂಗಡಣೆ ಅಳಿಸಿಹಾಕಿದರು. ಈಗ ಗಂಡಸರಿಗೆ 1, ಹೆಂಗಸರಿಗೆ 2.