ಕಸುವು, ಕಣ ಮತ್ತು ಗಡಿಯಾರ: ಮಲಪ್ರಭೆಯ ಸೀಮೆಯಿಂದ ಕ್ರೀಡಾ ಸಾಧನೆಯ ಏರಿಕೆಯನ್ನು ಕುರಿತು

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಅವರಿಗೆ ಹಿಡಿದ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಅಂದಿನ ದಾರಿ ಈಗಿನ 42.195 ಕಿ.ಮೀ.ಗಿಂತ ಉದ್ದ, 42.75 ಕಿ.ಮೀ. ಇತ್ತು. ಹಾಗಾಗಿ ಅವರು ಒಂದೊಂದು ಕಿಲೋಮೀಟರನ್ನು ಹೆಚ್ಚುಕಡಿಮೆ 4 ನಿಮಿಷದಲ್ಲಿ ಓಡಿದಂತಾಯಿತು. ಚಿನ್ನ ಗೆದ್ದ ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಅವರಿಗಿಂತ 18 ನಿಮಿಷ ಮುಂದಿದ್ದರು. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಅಲ್ಲಿ ಕಿಲೋಮೀಟರಿಗೆ ಬಿದ್ದ ಕಾಲ 2 ನಿಮಿಷ 52 ಸೆಕೆಂಡಿಗೂ ಕಡಿಮೆ. ನೂರು ವರ್ಷದಲ್ಲಿ ಮನುಷ್ಯನ ಓಟ ಇಷ್ಟು ಚುರುಕಾದದ್ದು ಹೇಗೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕಡೆಯಿಂದ ಈ ಪ್ರಶ್ನೆಯನ್ನು ನೋಡಿದರೆ ಅದಕ್ಕೆ ಇನ್ನೊಂದು ಮಗ್ಗುಲು ಇರುವುದು ಕಾಣುತ್ತದೆ. ಚೌಗುಲೆಯವರಂಥ ಓಟಗಾರ ಆಗಲೇ ಇದ್ದ ನೆಲದಲ್ಲಿ ಆ ಏರಿಕೆ ಯಾಕೆ ಅದೇ ವೇಗದಲ್ಲಿ ನಡೆಯಲಿಲ್ಲ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ಈ ಲೇಖನದ ವಾದ. ಈ ಅವಧಿಯಲ್ಲಿ ಮನುಷ್ಯನ ದೇಹ ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ತಕ್ಕ ದೇಹವನ್ನು ಹುಡುಕಿ ತರುವ, ಅದನ್ನು ಅಳೆಯುವ, ಅದಕ್ಕೆ ಉಣಿಸಿ ವರ್ಷಗಟ್ಟಲೆ ತಿದ್ದುವ ಏರ್ಪಾಡು ಬದಲಾಗಿದೆ. ಆ ಏರ್ಪಾಡು ಎಲ್ಲಿ ಬಂತೋ ಅಲ್ಲಿ ಸಾಧನೆ ಏರಿತು, ಬಾರದ ಕಡೆ ನಿಂತಿತು.

ದೇಹ ಬದಲಾಗಿಲ್ಲ ಎನ್ನುವ ಮಾತನ್ನು ಮೊದಲು ಪರಿಶೀಲಿಸಬೇಕು. ನೂರು ವರ್ಷವೆಂದರೆ ನಾಲ್ಕು ತಲೆಮಾರು. ಇಡೀ ಮನುಕುಲದ ಸ್ನಾಯು, ಶ್ವಾಸಕೋಶಗಳ ಅನುವಂಶೀಯ ಗುಣ ಬದಲಾಗಲು ಅಷ್ಟು ಕಾಲ ಏನೇನೂ ಸಾಲದು. ಅನ್ನಾಹಾರ ಸುಧಾರಿಸಿ ಎತ್ತರ ಹೆಚ್ಚಿರುವುದು ನಿಜ. ಆದರೆ ಆ ಹೆಚ್ಚಳ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಸುಮಾರು 20 ಸೆಂ.ಮೀ. ಏರಿತು. ಅದೇ ಅವಧಿಯಲ್ಲಿ ಭಾರತದ ಗಂಡಸರು ಸುಮಾರು 3 ಸೆಂ.ಮೀ., ಹೆಂಗಸರು ಸುಮಾರು 5 ಸೆಂ.ಮೀ. ಮಾತ್ರ ಬೆಳೆದರು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 36.2 ಇತ್ತು, 2019-21ರಲ್ಲಿ ಶೇ. 35.4. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು ರೇಣುಕಾಸಾಗರ ತುಂಬಿತು, ಕಾಲುವೆ ಹರಿದಲ್ಲಿ ಬೆಳೆ ಬದಲಾಯಿತು, 2002ರ ನಂತರ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವೂ ಬಂತು. ಇವೆಲ್ಲ ಬೇಕಾದವೇ. ಆದರೂ ಮೂವರಲ್ಲಿ ಒಂದು ಮಗು ಕುಗ್ಗಿ ಬೆಳೆಯುತ್ತಿರುವಾಗ, ಹಿಂದಿನವರಿಗಿಂತ ಇಂದಿನವರ ಮೈಕಟ್ಟೇ ಬೇರೆ ಎಂಬ ವಿವರಣೆ ನಮ್ಮ ಕಡೆಗೆ ಹೊಂದುವುದಿಲ್ಲ. ಎತ್ತರ ಹೆಚ್ಚಿದ ದೇಶಗಳಲ್ಲೂ ದೂರದ ಓಟದ ಸುಧಾರಣೆಗೆ ಅದೇ ಕಾರಣವೆನ್ನುವಂತಿಲ್ಲ. ಮ್ಯಾರಥಾನ್ ದಾಖಲೆಗಳನ್ನು ಮುರಿಯುತ್ತಿರುವವರು ಬಹುಮಟ್ಟಿಗೆ ತೆಳ್ಳನೆಯ, ಹಗುರ ಮೈಯವರು.

ಈ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಹೆಂಗಸರ ಓಟದಲ್ಲಿ. 1964ರಲ್ಲಿ ಮಹಿಳೆಯರ ಮ್ಯಾರಥಾನಿನ ಅತ್ಯುತ್ತಮ ಕಾಲ 3 ಗಂಟೆ 27 ನಿಮಿಷದ ಆಸುಪಾಸಿನಲ್ಲಿತ್ತು. 1985ರ ಹೊತ್ತಿಗೆ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯನ್‌ಸೆನ್ ಅದನ್ನು 2 ಗಂಟೆ 21 ನಿಮಿಷಕ್ಕೆ ಇಳಿಸಿದರು. ಇಪ್ಪತ್ತೊಂದು ವರ್ಷದಲ್ಲಿ ಒಂದು ಗಂಟೆಗೂ ಹೆಚ್ಚಿನ ಇಳಿಕೆ ಇದು. ಗಂಡಸರ ದಾಖಲೆ ಅದೇ ಅವಧಿಯಲ್ಲಿ 2 ಗಂಟೆ 12 ನಿಮಿಷದಿಂದ 2 ಗಂಟೆ 7 ನಿಮಿಷಕ್ಕೆ ಬಂತು, ಅಂದರೆ ಐದು ನಿಮಿಷ. ಆಹಾರ, ವೈದ್ಯಶಾಸ್ತ್ರ, ಬೂಟು, ಡಾಂಬರು ರಸ್ತೆ ಎಲ್ಲವೂ ಇಬ್ಬರಿಗೂ ಒಂದೇ ಆಗಿರುವಾಗ ಈ ಅಜಗಜಾಂತರ ಎಲ್ಲಿಂದ ಬಂತು? 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಸಿದವರು, ಹೆಂಗಸರ ದೇಹಕ್ಕೆ ಅದು ತಾಳದೆಂದು 1960ರವರೆಗೆ ಅದನ್ನು ಕೈಬಿಟ್ಟಿದ್ದರು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಲ್ಲಿಯ ತನಕ ಆ ಓಟಕ್ಕೆ ಹುಟ್ಟಿದ್ದ ಹೆಣ್ಣುಮಕ್ಕಳು ಹೊಲದಲ್ಲೋ ಅಡಿಗೆಮನೆಯಲ್ಲೋ ಇದ್ದರು. ಬಾಗಿಲು ತೆರೆದೊಡನೆ ಹೊರಗೆ ಬಂದರು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ 1969ರಲ್ಲಿ ಆರಂಭವಾದದ್ದನ್ನು ಇದೇ ಬೆಳಕಿನಲ್ಲಿ ನೋಡಬೇಕು. ಮನೆಗೆಲಸದಿಂದ ದೂರವಿದ್ದು, ಹೊತ್ತಿಗೆ ಸರಿಯಾಗಿ ಉಂಡು, ದಿನವೂ ಮೈದಾನಕ್ಕಿಳಿಯುವ ಹುಡುಗಿಯೊಬ್ಬಳನ್ನು ಈ ಸೀಮೆ ಅದಕ್ಕೆ ಮೊದಲು ಊಹಿಸಿಯೂ ಇರಲಿಲ್ಲ. ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಕ್ರೀಡಾಕೂಟದ ಕುರಾಶ್‌ನಲ್ಲಿ ಕಂಚು ಗೆದ್ದರು. ಕುರಾಶ್ ಮಧ್ಯ ಏಷ್ಯಾದ ಕುಸ್ತಿ. ಅದರ ಹೆಸರನ್ನೂ ನಮ್ಮ ಗರಡಿಗಳು ಕೇಳಿರಲಿಲ್ಲ. ಜೂಡೋ ಕಲಿಸುವ ಕೇಂದ್ರವೊಂದು ಹತ್ತಿರ ಇದ್ದುದರಿಂದ ಆ ಪದಕ ಸಾಧ್ಯವಾಯಿತು.

ಜನಸಂಖ್ಯೆ ಹೆಚ್ಚಿದರೆ ಪ್ರತಿಭೆಯೂ ತಾನಾಗಿ ಹೆಚ್ಚುತ್ತದೆ ಎಂದು ವಾದಿಸುವವರಿದ್ದಾರೆ. ಭಾರತದ ದಾಖಲೆಗಳು ಇದನ್ನು ಒಪ್ಪುವುದಿಲ್ಲ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆಗಿನ ವಿಶ್ವದಾಖಲೆ 2 ಗಂಟೆ 8 ನಿಮಿಷ 33 ಸೆಕೆಂಡು. ಅಂತರ ಮೂರೂವರೆ ನಿಮಿಷಕ್ಕಿಂತ ಕಡಿಮೆ. ಚೌಗುಲೆಯವರ ಕಾಲದ 18 ನಿಮಿಷಕ್ಕೆ ಇದನ್ನು ಹೋಲಿಸಿದರೆ ಭಾರತ ಎಷ್ಟು ದೂರ ಬಂದಿತ್ತೆಂದು ತಿಳಿಯುತ್ತದೆ. ಆಮೇಲೆ ದೇಶದ ಜನಸಂಖ್ಯೆ ಎರಡು ಪಟ್ಟಿಗೂ ಮಿಕ್ಕಿ ಬೆಳೆಯಿತು. ಶಿವನಾಥರ ದಾಖಲೆ ಮಾತ್ರ ನಲವತ್ತು ವರ್ಷ ದಾಟಿಯೂ ಅಲುಗಲಿಲ್ಲ. ಕಿಪ್ಟಮ್ ಓಟಕ್ಕೂ ಅದಕ್ಕೂ ಇರುವ ಅಂತರ ಹನ್ನೊಂದು ನಿಮಿಷಕ್ಕಿಂತ ಹೆಚ್ಚು. ಸ್ಟೀಪಲ್‌ಚೇಸಿನ ಕತೆ ಇನ್ನೂ ಚೆನ್ನಾಗಿ ವಿಷಯ ಬಿಡಿಸುತ್ತದೆ. ಗೋಪಾಲ್ ಸೈನಿ 1981ರಲ್ಲಿ ಓಡಿದ 8 ನಿಮಿಷ 30.88 ಸೆಕೆಂಡಿನ ದಾಖಲೆ 37 ವರ್ಷ ನಿಂತಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಅವಿನಾಶ್ ಸಾಬಳೆ 2018ರಲ್ಲಿ ಅದನ್ನು ಒಂದು ಸೆಕೆಂಡಿನಷ್ಟು ಮುರಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ 8 ನಿಮಿಷ 9.91 ಸೆಕೆಂಡಿಗೆ ತಂದರು. ಮೂವತ್ತೇಳು ವರ್ಷ ಕದಲದ್ದು ಆರು ವರ್ಷದಲ್ಲಿ ಇಪ್ಪತ್ತು ಸೆಕೆಂಡು ಇಳಿಯಿತು. ಸಾಬಳೆ ಬರಗಾಲದ ಸೀಮೆಯ ರೈತನ ಮಗ, ಸೈನ್ಯಕ್ಕೆ ಸೇರಿದ ಮೇಲೆ ಓಟಕ್ಕೆ ಬಂದವರು. ಸಂಬಳ, ಊಟ, ಹೊರದೇಶದ ತರಬೇತುದಾರ, ಅಮೆರಿಕದ ಎತ್ತರ ಪ್ರದೇಶದ ಶಿಬಿರ, ಜಗತ್ತಿನ ಉತ್ತಮರ ಜೊತೆ ಮತ್ತೆ ಮತ್ತೆ ಓಡುವ ಅವಕಾಶ ಇವೆಲ್ಲ ಒಬ್ಬನ ಸುತ್ತ ಕೂಡಿಬಂದಾಗ ಅಂಕಿ ಕೆಳಗಿಳಿಯಿತು. ರಾಮದುರ್ಗ, ಸವದತ್ತಿಯ ಮಳೆಯಾಶ್ರಿತ ಹಳ್ಳಿಗಳ ಹುಡುಗರಿಗೂ ಬೀಡಿನ ಹುಡುಗರಿಗೂ ನೆಲದಲ್ಲಾಗಲಿ ಬದುಕಿನಲ್ಲಾಗಲಿ ದೊಡ್ಡ ವ್ಯತ್ಯಾಸವಿಲ್ಲ.

ಏರ್ಪಾಡಿನ ಅಂಗಗಳಲ್ಲಿ ಅಳತೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಗುಡಿಯ ಮುಂದೆ, ಗರಡಿಮನೆಯ ಅಂಗಳದಲ್ಲಿ ಸಂಗ್ರಾಣಿ ಕಲ್ಲುಗಳಿವೆ. ಹಬ್ಬ, ಜಾತ್ರೆಗಳಲ್ಲಿ ಪೈಲ್ವಾನರು ಅವನ್ನು ಎತ್ತುತ್ತಾರೆ. ಅಜ್ಜ ಎತ್ತಿದ ಕಲ್ಲನ್ನೇ ಮೊಮ್ಮಗ ಎತ್ತುವುದರಿಂದ, ತಲೆಮಾರುಗಳನ್ನು ಹೋಲಿಸಲು ಇದಕ್ಕಿಂತ ನಂಬಿಕಸ್ಥ ತೂಕ ಬೇರೆ ಇಲ್ಲವೆಂದು ತೋರಬಹುದು. ಆದರೆ ಕಲ್ಲು ಹೇಳುವುದು ಎರಡೇ ಮಾತು, ಎದ್ದಿತು ಅಥವಾ ಏಳಲಿಲ್ಲ. ಎತ್ತಿದವನು ಹೋದ ವರ್ಷಕ್ಕಿಂತ ಎಷ್ಟು ಸುಲಭವಾಗಿ ಎತ್ತಿದ, ಎತ್ತದವನು ಎಷ್ಟರಲ್ಲಿ ಸೋತ ಎಂಬುದು ಅದರಿಂದ ತಿಳಿಯದು. ಒಮ್ಮೆ ಎದೆಗೇರಿಸಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದ ಮೇಲೆ ಇನ್ನಷ್ಟು ಬಲಿಯಲು ಕಾರಣವೂ ಉಳಿಯುವುದಿಲ್ಲ. ಕಬ್ಬಿಣದ ಬಾರಿಗೆ ಎರಡೂವರೆ ಕೆಜಿ ಸೇರಿಸುತ್ತ ಹೋಗುವ ಭಾರ ಎತ್ತುವಿಕೆಯಲ್ಲಿ ಗುರಿಯೇ ದಿನದಿನಕ್ಕೆ ಮುಂದೆ ಸರಿಯುತ್ತದೆ, ಅಭ್ಯಾಸವೂ ಅದರ ಬೆನ್ನುಹತ್ತುತ್ತದೆ. ಇದೇ ಹಳ್ಳಿಗಳ ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಬಿಗಿದ ಬಂಡಿಯನ್ನು ಗೊತ್ತಾದ ಹೊತ್ತಿನೊಳಗೆ ಎತ್ತುಗಳು ಎಷ್ಟು ದೂರ ಎಳೆದವೆಂದು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ಎತ್ತಿಗೆ ಸಿಕ್ಕ ಅಳತೆಪಟ್ಟಿ ಅದರ ಒಡೆಯನಿಗೆ ಸಿಕ್ಕಿಲ್ಲ! ಎತ್ತು ಸಾಕುವವರಲ್ಲಿ ಮೇವು, ಆರೈಕೆಗಳ ಕುರಿತು ನಡೆಯುವ ಪೈಪೋಟಿ ನೋಡಿದವರಿಗೆ ಅಳತೆ ಏನು ಮಾಡಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ.

ಕಣ ಮತ್ತು ಸಲಕರಣೆಗಳ ಪಾಲನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಪೋಲ್ ವಾಲ್ಟ್‌ನಲ್ಲಿ ಬಿದಿರ ಕೋಲು ಹಿಡಿದು ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಹಾರಿದ್ದರು. ಫೈಬರ್ ಗ್ಲಾಸ್ ಕೋಲಿನಿಂದ ಸೆರ್ಗೈ ಬುಬ್ಕಾ 1994ರಲ್ಲಿ 6.14 ಮೀಟರ್ ಹಾರಿದರು. ಈ ಅಂತರದ ಬಹುಪಾಲು ಕೋಲಿನದು. ದಪ್ಪ ಅಟ್ಟೆಯೊಳಗೆ ಕಾರ್ಬನ್ ಪಟ್ಟಿ ಇಟ್ಟ ಬೂಟುಗಳು ಬಂದ ಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಅಟ್ಟೆಯ ದಪ್ಪಕ್ಕೆ 40 ಮಿ.ಮೀ. ಮಿತಿ ಹಾಕಬೇಕಾಯಿತು. ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕುಸ್ತಿಯದು. ಕರಾಡ ಬಳಿಯ ಖಾಶಾಬಾ ಜಾಧವ್ ಕೆಮ್ಮಣ್ಣಿನ ಅಖಾಡದಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೂಢಿಯಿಲ್ಲದ ಮ್ಯಾಟ್ ಮೇಲೆ ಆಡಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಆ ನಾಲ್ಕು ವರ್ಷದಲ್ಲಿ ಬದಲಾದದ್ದು ಕಣದ ಪರಿಚಯ, ನಿಯಮದ ತಿಳಿವಳಿಕೆ. ಸೋಲು ಗೆಲುವು ತೀರ್ಮಾನವಾಗುವ ತನಕ ಬಿಡದ ಜಂಗಿ ನಿಕಾಲಿ ಕುಸ್ತಿಗೆ ತಯಾರಾದವನಿಗೆ ಬೇಕಾದ ದಮ್ಮೇ ಬೇರೆ, ಮೂರು ನಿಮಿಷದ ಎರಡು ಸುತ್ತಿನಲ್ಲಿ ಅಂಕ ಕದಿಯಬೇಕಾದವನ ಚಳಕವೇ ಬೇರೆ. ಕಿತ್ತೂರು ಉತ್ಸವದ ಕಣದಲ್ಲಿ ಮೆರೆದ ಜಟ್ಟಿ ಮ್ಯಾಟ್ ಮೇಲೆ ತಡವರಿಸಿದರೆ ಅವನ ಕಸುವು ಕಡಿಮೆಯಾಗಿದೆ ಎನ್ನಲಾಗದು.

ಇಲ್ಲಿ ಹಿರಿಯರ ಆಕ್ಷೇಪವೊಂದು ಎದುರಾಗುತ್ತದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಜೋಳದ ರೊಟ್ಟಿ ತಿಂದು ಕ್ವಿಂಟಲ್ ಚೀಲ ಹೊತ್ತು ನಡೆದವರ ಮುಂದೆ ಇಂದಿನವರು ಯಾವ ಲೆಕ್ಕ, ಸಾಧನೆ ಏರಿದೆ ಎಂಬ ಮಾತೇ ಪೊಳ್ಳು ಎಂದು ಅವರ ವಾದ. ಬಾವಿಯಿಂದ ನೀರೆತ್ತುವುದು, ಕಣದಲ್ಲಿ ರಾಶಿ ಮಾಡುವುದು, ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ನಡೆದೇ ಹೋಗುವುದು, ಇವು ಇಡೀ ಊರಿನ ದಮ್ಮನ್ನು ಕಾಯುತ್ತಿದ್ದವು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಬೈಕು ಬಂದ ಮೇಲೆ ಊರಿನ ಸರಾಸರಿ ಕಸುವು ಇಳಿದಿರುವುದು ಸಂಭವನೀಯ. ಹಲವು ದೇಶಗಳ ಶಾಲಾ ಮಕ್ಕಳ ಓಟದ ಪರೀಕ್ಷೆಗಳಲ್ಲಿ ಇಂಥ ಇಳಿಕೆಯೇ ಕಂಡಿದೆ. ಆದರೆ ದಾಖಲೆಗಳನ್ನು ಬರೆಯುವುದು ಸರಾಸರಿಯ ಜನರಲ್ಲ, ಅಂಚಿನಲ್ಲಿರುವ ಒಬ್ಬಿಬ್ಬರು. ಊರು ಮೆತ್ತಗಾಗುತ್ತಿರುವಾಗಲೇ ಆ ಊರಿನ ಒಬ್ಬ ಹುಡುಗಿ ಹಿಂದೆ ಯಾರೂ ಓಡದಷ್ಟು ವೇಗವಾಗಿ ಓಡಬಹುದು. ಹಿರಿಯರು ಸರಾಸರಿಯ ಬಗ್ಗೆ ಮಾತಾಡುತ್ತಿದ್ದಾರೆ, ದಾಖಲೆಗಳು ಅಂಚಿನ ಬಗ್ಗೆ. ಎರಡೂ ಕಡೆ ಸುಳ್ಳಿಲ್ಲ.

ಮದ್ದಿನ ಆಕ್ಷೇಪ ಇದಕ್ಕಿಂತ ಗಂಭೀರ. ಏರಿಕೆಯೆಲ್ಲ ಉದ್ದೀಪನ ಮದ್ದಿನ ಫಲವೆಂದರೆ ನಮ್ಮ ವಾದ ಬಿದ್ದುಹೋಗುತ್ತದೆ. ಮಹಿಳೆಯರ 800 ಮೀಟರ್‌ನಲ್ಲಿ 1983ರ 1 ನಿಮಿಷ 53.28 ಸೆಕೆಂಡು, 400 ಮೀಟರ್‌ನಲ್ಲಿ 1985ರ 47.60 ಸೆಕೆಂಡು, ಪುರುಷರ ಹ್ಯಾಮರ್ ಎಸೆತದಲ್ಲಿ 1986ರ 86.74 ಮೀಟರ್, ಈ ದಾಖಲೆಗಳು ದಶಕಗಳೇ ಕಳೆದರೂ ಉಳಿದುಕೊಂಡವು. ಸ್ಪರ್ಧೆಯಿಲ್ಲದ ದಿನಗಳಲ್ಲೂ ಪರೀಕ್ಷೆ ಮಾಡುವ ಪದ್ಧತಿ 1980ರ ದಶಕದ ಕೊನೆಗೆ ಬಿಗಿಯಾದ ಮೇಲೆ ಬಲದ ಸ್ಪರ್ಧೆಗಳ ಅಂಕಿ ಹೆಪ್ಪುಗಟ್ಟಿದ್ದು ಕಾಕತಾಳೀಯವಿರಲಾರದು. ಭಾರತವೂ ಇದರಿಂದ ಹೊರಗಿಲ್ಲ. 2023ರಲ್ಲಿ ಇಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಶೇ. 3.8ರಷ್ಟರಲ್ಲಿ ನಿಷಿದ್ಧ ವಸ್ತು ಸಿಕ್ಕಿತು. ಆದ್ದರಿಂದ ಏರಿಕೆಯ ಒಂದು ಪಾಲು ಮದ್ದಿನದೆಂದು ಒಪ್ಪಲೇಬೇಕು. ಆದರೆ 1964ರಿಂದ ಮಹಿಳೆಯರ ಮ್ಯಾರಥಾನಿನಲ್ಲಿ ಇಳಿದ ಒಂದು ಗಂಟೆಯನ್ನು ಯಾವ ಮದ್ದೂ ಕೊಡಲಾರದು. ಮದ್ದು ಸಿಗುವ ದೇಶದಲ್ಲೇ ಶಿವನಾಥರ ದಾಖಲೆ ನಾಲ್ಕು ದಶಕ ಉಳಿದದ್ದು ಹೇಗೆಂಬುದಕ್ಕೂ ಈ ಆಕ್ಷೇಪದಲ್ಲಿ ಉತ್ತರವಿಲ್ಲ.

ನಾಲ್ಕು ತಾಲ್ಲೂಕುಗಳಿಗೆ ಏರ್ಪಾಡು ತುಣುಕು ತುಣುಕಾಗಿ ಬಂದಿದೆ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆ ಇದೆ. ಹಳ್ಳಿಯ ಮಗುವನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ಊಟ, ಪಾಠ, ಅಭ್ಯಾಸ ಮೂರನ್ನೂ ಒಂದೇ ಸೂರಿನಡಿ ಕೊಡುವ ಇಂಥ ಶಾಲೆಗಳಿಂದ ಆಗುವಷ್ಟು ಕೆಲಸ ಒಂದು ದಿನದ ಕ್ರೀಡಾಕೂಟಗಳಿಂದ ಆಗದು. ವಿಜಯಪುರ, ಬಾಗಲಕೋಟೆಗಳಿಂದ ಈ ಕಡೆಯವರೆಗೆ ಸೈಕ್ಲಿಂಗ್ ಬೇರುಬಿಟ್ಟಿರುವುದೂ ಅರ್ಥವಾಗುವಂಥದ್ದೇ. ಎರೆಭೂಮಿಯ ಬಯಲಿನ ನೇರ ರಸ್ತೆಯೇ ಅಲ್ಲಿ ಕಣ; ಟ್ರ್ಯಾಕ್ ಕಟ್ಟಿಸಿಕೊಡಿ ಎಂದು ಯಾರನ್ನೂ ಕಾಯಬೇಕಿಲ್ಲ, ಗೊತ್ತಾದ ದೂರ, ಹಿಡಿದ ಕಾಲ ಎರಡೂ ಕೈಯಲ್ಲಿರುತ್ತವೆ. ಓಟಕ್ಕೆ ಆ ಅನುಕೂಲವೂ ಪೂರ್ತಿ ಸಿಕ್ಕಿಲ್ಲ. ದಸರಾ ಹೊತ್ತಿನ ತಾಲ್ಲೂಕು ಕ್ರೀಡಾಕೂಟಗಳ ಪತ್ರಿಕಾ ವರದಿಗಳಲ್ಲಿ ಗೆದ್ದವರ ಹೆಸರು, ಊರು, ಸ್ಥಾನ ಇರುತ್ತವೆ; ಎಷ್ಟು ಸೆಕೆಂಡಿನಲ್ಲಿ ಓಡಿದರೆಂಬುದು ಅಪರೂಪ. ಸವದತ್ತಿಯಲ್ಲಿ ಮೊದಲು ಬಂದ ಹುಡುಗ ಬೈಲಹೊಂಗಲದಲ್ಲಿ ಮೂರನೆಯವನಾದವನಿಗಿಂತ ಚುರುಕೋ ಅಲ್ಲವೋ, ಅವನು ಹೋದ ವರ್ಷದ ತನಗಿಂತಲಾದರೂ ಮುಂದೆ ಬಂದಿದ್ದಾನೋ ಎಂಬುದನ್ನು ಆ ವರದಿಗಳಿಂದ ಹೇಳಲು ಬರುವುದಿಲ್ಲ. ಇಷ್ಟಾದರೂ 1920ರಲ್ಲಿ ಫಡೆಪ್ಪ ಚೌಗುಲೆ ಓಡಿದ ಕಾಲ ಸೆಕೆಂಡಿನ ಸಮೇತ ನಮಗೆ ಗೊತ್ತು, ಯಾಕೆಂದರೆ ಅದನ್ನು ಬರೆದಿಟ್ಟದ್ದು ಬೆಲ್ಜಿಯಂನಲ್ಲಿ.