ಮತದಾರರ ನಿರಾಕರಣೆ, ರಾಜತಂತ್ರದ ಉತ್ತರ: ಡೆನ್ಮಾರ್ಕ್ ಮತ್ತು ಮಾಸ್ಟ್ರಿಕ್ಟ್ ಒಪ್ಪಂದ

1953ರ ಡೆನ್ಮಾರ್ಕ್ ಸಂವಿಧಾನದ 20ನೆಯ ವಿಧಿಯಂತೆ, ರಾಷ್ಟ್ರದ ಅಧಿಕಾರವನ್ನು ಅಂತರರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಒಪ್ಪಿಸಬೇಕಾದರೆ ಅಲ್ಲಿನ ಸಂಸತ್ತಾದ ಫೋಲ್ಕೆಟಿಂಗ್‌ನ ಆರರಲ್ಲಿ ಐದು ಪಾಲು ಸದಸ್ಯರು, ಅಂದರೆ 179ರಲ್ಲಿ 150 ಮಂದಿ, ಸಮ್ಮತಿಸಬೇಕು; ಸರಳ ಬಹುಮತವಷ್ಟೇ ದೊರೆತಲ್ಲಿ ಮಸೂದೆಯನ್ನು ಮತದಾರರ ಮುಂದಿಡಬೇಕು. ಹೀಗೆ ನಡೆಯುವ ಜನಮತಗಣನೆಯ ತೀರ್ಪು ಸರ್ಕಾರವನ್ನು ಕಾನೂನಿನಿಂದಲೇ ಬಂಧಿಸುತ್ತದೆ. ಇದಕ್ಕಿಂತ ಭಿನ್ನವಾದುದು ಸಲಹಾ ಜನಮತಗಣನೆ. 1986ರಲ್ಲಿ ಐರೋಪ್ಯ ಸಮುದಾಯದ ಏಕೀಕೃತ ಮಾರುಕಟ್ಟೆಗೆ ದಾರಿಮಾಡುವ ಒಪ್ಪಂದವನ್ನು ಫೋಲ್ಕೆಟಿಂಗ್‌ನ ಬಹುಮತ ವಿರೋಧಿಸಿದಾಗ ಪ್ರಧಾನಿ ಪೌಲ್ ಶ್ಲುಟರ್ ಅಂಥದೊಂದು ಜನಮತಗಣನೆ ನಡೆಸಿದರು; ಶೇ. 56.2ರಷ್ಟು ಮತದಾರರು ಒಪ್ಪಂದದ ಪರವಾಗಿ ನಿಂತುದರಿಂದ, ಕಾನೂನಿನ ಕಟ್ಟಿಲ್ಲದಿದ್ದರೂ ಸಂಸತ್ತು ಆ ತೀರ್ಪಿಗೆ ತಲೆಬಾಗಿತು.

1992ರ ಮಾಸ್ಟ್ರಿಕ್ಟ್ ಒಪ್ಪಂದ ಸಮುದಾಯವನ್ನು ಐರೋಪ್ಯ ಒಕ್ಕೂಟವಾಗಿ ಬೆಳೆಸಿ, ಒಂದೇ ನಾಣ್ಯಕ್ಕೂ ಸಮಾನ ವಿದೇಶಾಂಗ ನೀತಿಗೂ ತಳಹದಿ ಹಾಕಿತು. ಫೋಲ್ಕೆಟಿಂಗ್‌ನಲ್ಲಿ ಅದಕ್ಕೆ 130 ಮತಗಳಷ್ಟೇ ಬಿದ್ದುದರಿಂದ ಜೂನ್ 2ರಂದು ಜನಮತಗಣನೆ ನಡೆದು, ಶೇ. 50.7ರಷ್ಟು ಮತದಾರರು, ಸುಮಾರು 46 ಸಾವಿರ ಮತಗಳ ಅಂತರದಿಂದ, ಅದನ್ನು ತಿರಸ್ಕರಿಸಿದರು. ಹನ್ನೆರಡೂ ಸದಸ್ಯ ದೇಶಗಳ ಅನುಮೋದನೆಯಿಲ್ಲದೆ ಒಪ್ಪಂದ ಜಾರಿಗೆ ಬರುವಂತಿರಲಿಲ್ಲವಾದ್ದರಿಂದ ಈ ನಿರಾಕರಣೆ ಇಡೀ ಸಮುದಾಯವನ್ನೇ ಇಕ್ಕಟ್ಟಿಗೆ ಸಿಲುಕಿಸಿತು.

ಆದರೆ ಆ ತೀರ್ಪು ಡೆನ್ಮಾರ್ಕ್ ಸರ್ಕಾರದ ಕೈಕಟ್ಟಿತೇ ಹೊರತು ಉಳಿದ ಹನ್ನೊಂದು ದೇಶಗಳ ಮೇಲೆ ಅದಕ್ಕೆ ಹಿಡಿತವಿರಲಿಲ್ಲ. ಅವು ಎರಡೇ ದಿನಗಳಲ್ಲಿ ಆಸ್ಲೋದಲ್ಲಿ ಸಭೆ ಸೇರಿ, ಒಪ್ಪಂದದ ಪಠ್ಯವನ್ನು ಮತ್ತೆ ಚರ್ಚೆಗೆ ತೆರೆಯುವುದಿಲ್ಲವೆಂದು ಸ್ಪಷ್ಟಪಡಿಸಿದವು. ಮೇಲಾಗಿ, ಮತಪತ್ರವು ಬೇಡವೆಂಬುದನ್ನು ಹೇಳಿತ್ತೇ ವಿನಾ ಒಪ್ಪಂದದ ಯಾವ ಭಾಗ ಬೇಡವೆಂಬುದನ್ನು ಹೇಳಿರಲಿಲ್ಲ. ಆ ಕೊರತೆಯನ್ನು ತುಂಬಿದವರು ರಾಜಕಾರಣಿಗಳೇ. ಅಕ್ಟೋಬರಿನಲ್ಲಿ ಏಳು ಪಕ್ಷಗಳು ‘ರಾಷ್ಟ್ರೀಯ ರಾಜಿ’ ಎಂದು ಹೆಸರಾದ ಹೊಂದಾಣಿಕೆಗೆ ಬಂದು, ನಾಣ್ಯ, ರಕ್ಷಣೆ, ನ್ಯಾಯ ಹಾಗೂ ಆಂತರಿಕ ವ್ಯವಹಾರ, ಒಕ್ಕೂಟದ ಪೌರತ್ವ ಎಂಬ ನಾಲ್ಕು ವಿಷಯಗಳಲ್ಲಿ ವಿನಾಯಿತಿ ಕೇಳಿದವು. ಡಿಸೆಂಬರಿನ ಎಡಿನ್‌ಬರೋ ಶೃಂಗಸಭೆ ಮೂಲ ಪಠ್ಯವನ್ನು ಮುಟ್ಟದೆ, ಪ್ರತ್ಯೇಕ ನಿರ್ಣಯವೊಂದರ ಮೂಲಕ ಅವನ್ನು ಮನ್ನಿಸಿತು; 1993ರ ಮೇ 18ರ ಎರಡನೆಯ ಜನಮತಗಣನೆಯಲ್ಲಿ ಶೇ. 56.7ರಷ್ಟು ಮತದಾರರು ಸಮ್ಮತಿ ನೀಡಿದರು. ಅದೇ ರಾತ್ರಿ ಕೋಪನ್‌ಹೇಗನ್‌ನ ನೋರೆಬ್ರೋ ಬಡಾವಣೆಯಲ್ಲಿ ಗಲಭೆಯೆದ್ದು ಪೊಲೀಸರು ಗುಂಡು ಹಾರಿಸಿದರು. ಮೊದಲ ತೀರ್ಪನ್ನು ಮತ್ತೆ ಮತಕ್ಕೆ ಹಾಕಿದುದನ್ನು ಎಲ್ಲರೂ ಒಪ್ಪಿರಲಿಲ್ಲ.

ಮಾತುಕತೆಯ ಫಲವಾದ ಆ ವಿನಾಯಿತಿಗಳು ಮುಂದೆ ತಾವೇ ಕಟ್ಟುಪಾಡುಗಳಾದವು. ಯೂರೋ ನಾಣ್ಯವನ್ನು ಒಪ್ಪುವ ಪ್ರಸ್ತಾಪ 2000ದಲ್ಲಿಯೂ, ನ್ಯಾಯವಿಷಯಕ ವಿನಾಯಿತಿಯನ್ನು ಸಡಿಲಿಸುವ ಪ್ರಸ್ತಾಪ 2015ರಲ್ಲಿಯೂ ಜನಮತಗಣನೆಯಲ್ಲಿ ಸೋತವು. ರಕ್ಷಣಾ ವಿನಾಯಿತಿ ಮಾತ್ರ, ಉಕ್ರೇನಿನ ಮೇಲೆ ರಷ್ಯಾ ದಾಳಿ ನಡೆಸಿದ 2022ರಲ್ಲಿ, ಸುಮಾರು ಶೇ. 67ರಷ್ಟು ಮತಗಳಿಂದ ರದ್ದಾಯಿತು. ಜನಮತಗಣನೆಯ ತೀರ್ಪು ಪರದೇಶಗಳನ್ನು ಬಂಧಿಸಲಾರದು. ಆದರೆ ಅದಕ್ಕೆ ತಾವು ಕೊಟ್ಟ ಅರ್ಥವನ್ನು ಆಳುವವರು ಲಿಖಿತ ಷರತ್ತುಗಳಾಗಿ ಇಳಿಸಿ ಮತ್ತೆ ಮತದಾರರಿಗೇ ಒಪ್ಪಿಸಿದಾಗ, ಅದು ಒಂದು ದೇಶದ ವಿದೇಶಾಂಗ ನೀತಿಯನ್ನು ಮೂರು ದಶಕಗಳ ಕಾಲ ರೂಪಿಸಬಲ್ಲುದೆಂಬುದಕ್ಕೆ ಡೆನ್ಮಾರ್ಕಿನ ಇತಿಹಾಸವೇ ಆಧಾರ.