ನೋಕಿಯಾ ಊರಿನ ಟೈರು, ಲ್ಯಾಂಬೋರ್ಗಿನಿಯ ರಿಮ್ಮು

ನೋಕಿಯಾ 1100 ಗೊತ್ತಿಲ್ಲದ ಮನೆ ನಮ್ಮ ಕಡೆ ಸಿಗುವುದು ಕಷ್ಟ. 2003ರಲ್ಲಿ ಬಂದ ಆ ಫೋನಿನ ತಲೆಯಲ್ಲಿ ಟಾರ್ಚ್ ಇತ್ತು. ರಾತ್ರಿ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗುವವರಿಗೆ ಅದೇ ದೀಪ. ಆದರೆ ನೋಕಿಯಾ ಎನ್ನುವುದು ಮೊದಲು ಒಂದು ಊರಿನ ಹೆಸರು. ಫಿನ್‌ಲ್ಯಾಂಡ್ ದೇಶದಲ್ಲಿ, ಟಾಂಪೆರೆ ಪಟ್ಟಣದ ಪಕ್ಕದಲ್ಲಿ, ಹೊಳೆ ದಂಡೆಯ ಮೇಲೆ ಆ ಊರಿದೆ. ಫೋನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಲ್ಲಿ ರಬ್ಬರ್ ಕಾರ್ಖಾನೆ ಇತ್ತು. ಜಗತ್ತಿನ ಮೊದಲ ಚಳಿಗಾಲದ ಟೈರು ತಯಾರಾದದ್ದು ಆ ಕಾರ್ಖಾನೆಯಲ್ಲಿ, 1934ರಲ್ಲಿ.

ಚಳಿಗಾಲಕ್ಕೆ ಬೇರೆ ಟೈರು ಯಾಕೆ? ನಮಗೆ ಈ ಪ್ರಶ್ನೆಯೇ ವಿಚಿತ್ರ. ನಮ್ಮ ಟೈರಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲ ಒಂದೇ. ಸವೆದು ಬೋಳಾಗುವ ತನಕ ಓಡಿಸುತ್ತೇವೆ. ಆದರೆ ಜರ್ಮನಿಯಲ್ಲೋ ಕೆನಡಾದಲ್ಲೋ ಕೆಲಸಕ್ಕೆ ಹೋದ ನಮ್ಮೂರಿನ ಹುಡುಗರನ್ನು ಕೇಳಿ. ಒಂದೇ ಕಾರಿಗೆ ಎರಡು ಜೊತೆ ಚಕ್ರ ಇಟ್ಟುಕೊಂಡಿರುತ್ತಾರೆ.

ಕಾರಣ ರಬ್ಬರಿನ ಸ್ವಭಾವದಲ್ಲಿದೆ. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಬೂಟು, ಕೋಟು ಮಾಡಿ ಮಾರಿದ ಕಂಪನಿಗಳು ಒಂದರ ಹಿಂದೊಂದು ಮುಳುಗಿದವು. ಆ ಮಾಲು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿತ್ತು, ಚಳಿಯಲ್ಲಿ ಕಲ್ಲಿನ ಹಾಗೆ ಬಿರುಸಾಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಗಂಧಕ ಬೆರೆಸಿ ಕಾಯಿಸಿದರೆ ಈ ಎರಡು ಕಾಟವೂ ಕಡಿಮೆಯಾಗುತ್ತದೆ ಎಂದು ಕಂಡುಕೊಂಡ. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇವತ್ತಿಗೂ ಬೇಸಿಗೆಗೆಂದು ಮಾಡಿದ ಕಾರಿನ ಟೈರು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಗಡುಸಾಗತೊಡಗುತ್ತದೆ. ಗಡುಸಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುವುದಿಲ್ಲ, ಜಾರುತ್ತದೆ. ಹಿಮ ಬೀಳಲೇಬೇಕೆಂದಿಲ್ಲ, ಚಳಿ ಸಾಕು.

ಐಸ್ ಮೇಲೆ ಹೋದರಂತೂ ಲೆಕ್ಕವೇ ಬೇರೆ. ಒಣ ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು ಸುಮಾರು 12 ಮೀಟರ್‌ನಲ್ಲಿ ನಿಲ್ಲುತ್ತದೆ. ಐಸ್ ಮೇಲಿನ ಹಿಡಿತ ಅದರ ಎಂಟನೇ ಒಂದು ಭಾಗ ಎಂದಿಟ್ಟುಕೊಂಡರೆ ಅದೇ ಕಾರು ನಿಲ್ಲಲು 100 ಮೀಟರ್ ಹತ್ತಿರ ಬೇಕು. ಹನ್ನೆರಡು ಮೀಟರ್ ಎಂದರೆ ಎರಡು ಮನೆಯ ಅಂತರ, ನೂರು ಮೀಟರ್ ಎಂದರೆ ಒಂದು ಇಡೀ ಬೀದಿ. ಆ ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರೆ.

ಟೈರಿಗಿಂತ ಮೊದಲು ಜನ ಕೈಗೆ ಸಿಕ್ಕಿದ್ದನ್ನು ಸುತ್ತುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತ ಕೆಸರಲ್ಲಿ, ಹಿಮದಲ್ಲಿ ಸಿಕ್ಕಿಬಿದ್ದವರು ಚಕ್ರಕ್ಕೆ ಹಗ್ಗ, ಬಳ್ಳಿ ಸುತ್ತುವುದನ್ನು ನೋಡಿ 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ಪಡೆದ. ಚೈನು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಹಿಮ ಬಂದಾಗ ಹಾಕಬೇಕು, ಬರಿ ರಸ್ತೆ ಬಂದಾಗ ಬಿಚ್ಚಬೇಕು. ಇಲ್ಲದಿದ್ದರೆ ಚೈನೂ ಹಾಳು, ರಸ್ತೆಯೂ ಹಾಳು. ಕೊರೆಯುವ ಚಳಿಯಲ್ಲಿ ಬಗ್ಗಿ ಕೂತು ಈ ಕೆಲಸ ಮಾಡುವ ಲಾರಿ ಡ್ರೈವರನ ಪಾಡು ನೆನೆಸಿಕೊಳ್ಳಿ.

ಫಿನ್‌ಲ್ಯಾಂಡಿನ ರಬ್ಬರ್ ಕಂಪನಿ ಶುರುವಾದದ್ದು 1898ರಲ್ಲಿ, ಮಳೆಗಾಲದ ಮೇಲ್ಬೂಟು ಮಾಡಲು. 1904ರಲ್ಲಿ ಅದು ನೋಕಿಯಾ ಊರಿಗೆ ಬಂತು. ಅಲ್ಲಿನ ಎಂಜಿನಿಯರ್ ಎರಿಕ್ ಸುಂಡ್‌ಕ್ವಿಸ್ಟ್ ಮುಂದಾಳತ್ವದಲ್ಲಿ 1934ರಲ್ಲಿ ಬಂದ ಟೈರಿನ ಹೆಸರು ಕೆಲಿರೆಂಗಾಸ್, ಅಂದರೆ ಹವೆಯ ಟೈರು. ಅದನ್ನು ಮಾಡಿದ್ದು ಕಾರಿಗಲ್ಲ, ಲಾರಿಗೆ. ಆ ಕಾಲದ ಮಾಮೂಲಿ ಟೈರಿನ ಗೀರುಗಳು ಉದ್ದಕ್ಕೆ ಓಡುತ್ತಿದ್ದವು. ಇವರು ಅಡ್ಡಡ್ಡ ಹಲ್ಲು ಕೊಟ್ಟರು, ಹಿಮವನ್ನು ಕಚ್ಚಿ ಹಿಂದಕ್ಕೆ ತಳ್ಳಲು. ನಮ್ಮ ಟ್ರ್ಯಾಕ್ಟರ್ ಹಿಂಗಾಲಿ ಕೆಸರನ್ನು ಹಿಡಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಎರಡು ವರ್ಷದಲ್ಲಿ, 1936ರಲ್ಲಿ, ಕಾರಿಗೂ ಅಂಥ ಟೈರು ಬಂತು. ಅದಕ್ಕೆ ಇಟ್ಟ ಹೆಸರು ಹಕ್ಕಪೆಲೀಟ್ಟ. ಹದಿನೇಳನೇ ಶತಮಾನದ ಫಿನ್ನಿಷ್ ಕುದುರೆ ಸವಾರ ಸೈನಿಕರಿಗಿದ್ದ ಹೆಸರದು. ಅದೇ ಹೆಸರಲ್ಲಿ ಇವತ್ತಿಗೂ ಟೈರು ಮಾರಾಟವಾಗುತ್ತಿದೆ.

1967ರಲ್ಲಿ ಈ ರಬ್ಬರ್ ಕಂಪನಿ, ಒಂದು ಕೇಬಲ್ ಕಂಪನಿ ಮತ್ತು ನೋಕಿಯಾ ಹೆಸರಿನ ಕಾಗದದ ಕಂಪನಿ ಮೂರೂ ಸೇರಿ ಒಂದಾದವು. ಮುಂದೆ ನಮ್ಮ ಕೈಗೆ ಟಾರ್ಚ್ ಫೋನು ಕೊಟ್ಟದ್ದು ಆ ಕೂಡು ಕುಟುಂಬ. 1988ರಲ್ಲಿ ಟೈರಿನವರು ಬೇರೆ ಕಂಪನಿ ಮಾಡಿಕೊಂಡರು.

ಟೈರಿನ ಹಲ್ಲುಗಳನ್ನು ಹತ್ತಿರದಿಂದ ನೋಡಿದರೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳು ಕಾಣುತ್ತವೆ. ಇವುಗಳಿಗೆ ಸೈಪ್ ಎನ್ನುತ್ತಾರೆ. ಜಾನ್ ಸೈಪ್ ಎಂಬಾತನ ಹೆಸರದು. ಕಸಾಯಿಖಾನೆಯ ಒದ್ದೆ ನೆಲದ ಮೇಲೆ ಜಾರುತ್ತಿದ್ದರಿಂದ ಆತ ತನ್ನ ಬೂಟಿನ ಅಟ್ಟೆಗೆ ಚಾಕುವಿನಿಂದ ಗೀರು ಹಾಕಿದ, ಆಮೇಲೆ 1920ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ ಎಂದು ಹೇಳುತ್ತಾರೆ. ಟೈರಿಗೆ ಅದು ಬಂದದ್ದು ನಂತರ. ಚಳಿಗಾಲದ ಟೈರಿನಲ್ಲಿ ಸೈಪ್ ಕಿಕ್ಕಿರಿದಿರುತ್ತದೆ. ಚಕ್ರ ಉರುಳಿದಂತೆ ಪ್ರತಿ ಸೀಳೂ ಬಾಯಿ ಬಿಟ್ಟು ಒಂದೊಂದು ಅಂಚು ಹಿಮಕ್ಕೆ ತಾಗಿಸುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರು ಬೆಟ್ಟದ ತಿರುವಿನಲ್ಲಿ ನಿಂತಿರುವುದು ಆ ಬೂಟಿನ ಗೀರಿನ ಮೇಲೆ.

ಹಲ್ಲು ಹಿಮಕ್ಕೆ ಸಾಕಾಯಿತು, ಗಟ್ಟಿ ಐಸಿಗೆ ಸಾಲಲಿಲ್ಲ. ಹಾಗಾಗಿ 1960ರ ಸುಮಾರಿಗೆ ಟೈರಿಗೆ ಲೋಹದ ಮೊಳೆ ಕೂರಿಸುವ ರೂಢಿ ಹಬ್ಬಿತು. ಹಿಡಿತ ಚೆನ್ನಾಗಿತ್ತು. ಆದರೆ ಹಿಮ ಇಲ್ಲದ ದಿನ ಆ ಮೊಳೆ ಟಾರನ್ನೇ ಕೆರೆಯುತ್ತದೆ. ಗದ್ದೆ ಕೆಸರು ಮಾಡುವ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡೇ ಟ್ರ್ಯಾಕ್ಟರ್ ಟಾರು ರಸ್ತೆಗೆ ಬಂದರೆ ಏನಾಗುತ್ತದೆ ಎಂದು ಭತ್ತ ಬೆಳೆಯುವ ಕಡೆಯವರಿಗೆ ಹೇಳಬೇಕಿಲ್ಲ. ಪಶ್ಚಿಮ ಜರ್ಮನಿ 1975ರಲ್ಲಿ ಮೊಳೆ ಟೈರು ನಿಷೇಧಿಸಿತು.

ಜಪಾನಿನಲ್ಲಿ ರಸ್ತೆಗಿಂತ ದೊಡ್ಡದೊಂದು ಹಾಳಾಯಿತು. ಉತ್ತರದ ಸೆಂಡೈ, ಸಪ್ಪೊರೊ ನಗರಗಳಲ್ಲಿ 1980ರ ಹೊತ್ತಿಗೆ ಬಹುಪಾಲು ಕಾರುಗಳು ಮೊಳೆ ಟೈರಿನಲ್ಲೇ ಚಳಿಗಾಲ ಕಳೆಯುತ್ತಿದ್ದವು. ಹಿಮ ಕರಗಿದ ಕೂಡಲೇ ಕೆರೆದ ಟಾರಿನ ಪುಡಿ ಊರ ತುಂಬ ಏಳುತ್ತಿತ್ತು. ಒಣಹಾಕಿದ ಬಟ್ಟೆ ಕಪ್ಪಾಗುತ್ತಿತ್ತು, ಜನ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಕಾರಿನೊಳಗೆ ಕೂತವನ ಸುರಕ್ಷತೆಗೆ ಫುಟ್‌ಪಾತ್ ಮೇಲೆ ನಡೆಯುವವನು ಶ್ವಾಸಕೋಶ ಕೊಡಬೇಕೇ ಎಂಬ ಪ್ರಶ್ನೆ ಎದ್ದಿತು. ನನ್ನ ಪ್ರಕಾರ ಚಳಿಗಾಲದ ಟೈರಿನ ಇಡೀ ಚರಿತ್ರೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ, ಅದನ್ನು ಕೇಳಿದ್ದು ಕಾರಿಲ್ಲದವರೂ ಸೇರಿದ್ದ ಊರವರು. 1990ರಲ್ಲಿ ಮೊಳೆ ಟೈರಿಗೆ ಕಡಿವಾಣ ಹಾಕುವ ಕಾನೂನು ಬಂತು, ಮಾರಾಟವೂ ನಿಂತಿತು.

ಬದಲಿ ಅಷ್ಟರಲ್ಲಿ ತಯಾರಾಗಿತ್ತು. ಬ್ರಿಡ್ಜ್‌ಸ್ಟೋನ್ ಕಂಪನಿ 1988ರಲ್ಲಿ ಬ್ಲಿಝಾಕ್ ಎಂಬ ಟೈರು ತಂದಿತ್ತು. ಐಸ್ ಜಾರುವುದು ಅದರ ಮೇಲಿನ ತೆಳು ನೀರಿನ ಪದರದಿಂದ. ಈ ಟೈರಿನ ರಬ್ಬರಿನಲ್ಲಿ ಇಡ್ಲಿಯಲ್ಲಿರುವಂತೆ ಲೆಕ್ಕವಿಲ್ಲದಷ್ಟು ಸಣ್ಣ ತೂತುಗಳು, ಅವು ಆ ನೀರನ್ನು ಒಳಗೆಳೆದುಕೊಳ್ಳುತ್ತವೆ. ಧೂಳು ಹೋಯಿತು. ಆದರೆ ಹೊಸದೊಂದು ತಾಪತ್ರಯ ಬಂತು: ಐಸನ್ನು ಕೆರೆದು ಒರಟಾಗಿಡುತ್ತಿದ್ದ ಮೊಳೆಗಳೇ ಇಲ್ಲವಾದ್ದರಿಂದ ಸಪ್ಪೊರೊದ ಸಿಗ್ನಲ್‌ಗಳ ಹತ್ತಿರ ಐಸು ಕನ್ನಡಿಯ ಹಾಗೆ ನುಣುಪಾಗತೊಡಗಿತು.

ಇಷ್ಟು ಹೊತ್ತಿಗೆ ಚಳಿಗಾಲದ ಚಕ್ರ ಹೇಗಿರಬೇಕು ಎಂಬ ತಿಳಿವಳಿಕೆ ಗಟ್ಟಿಯಾಗಿತ್ತು. ರಬ್ಬರು ಮೆತ್ತಗಿರಬೇಕು. ಟೈರು ಸ್ವಲ್ಪ ಕಿರಿದಾಗಿರಬೇಕು, ಹಿಮವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಲು. ರಿಮ್ಮು ಚಿಕ್ಕದಿದ್ದು ರಬ್ಬರಿನ ಪಕ್ಕೆ ಎತ್ತರವಿರಬೇಕು, ಹಿಮದಡಿ ಕಾಣದ ಗುಂಡಿಗೆ ಬಿದ್ದರೆ ತಡೆದುಕೊಳ್ಳಲು.

ಆಮೇಲೆ ಬಂದದ್ದು ಇದಕ್ಕೆಲ್ಲ ಉಲ್ಟಾ ಇರುವ ಗಾಡಿ. ಜೀಪಿನ ಎತ್ತರ, ರೇಸ್ ಕಾರಿನ ವೇಗ. ಪೋರ್ಶೆ ಕಂಪನಿ 2002ರಲ್ಲಿ ಕಯೆನ್ ತಂದಾಗ ಅದರ ಟರ್ಬೊ ಮಾಡೆಲಿಗೆ 450 ಕುದುರೆ ಶಕ್ತಿ. 2017ರ ಕೊನೆಗೆ ಲ್ಯಾಂಬೋರ್ಗಿನಿ ಉರುಸ್ ಬಂತು: 650 ಕುದುರೆ ಶಕ್ತಿ, ಗಂಟೆಗೆ 305 ಕಿಲೋಮೀಟರ್ ವೇಗ, ಎರಡು ಟನ್‌ಗಿಂತ ಹೆಚ್ಚು ತೂಕ. (ಇದೇ ಮನೆತನದ ಮೂಲಪುರುಷ ಫೆರುಚ್ಚೊ ಲ್ಯಾಂಬೋರ್ಗಿನಿ 1948ರಲ್ಲಿ ಶುರು ಮಾಡಿದ್ದು ಟ್ರ್ಯಾಕ್ಟರ್ ಕಾರ್ಖಾನೆ. ಕಾರು ಬಂದದ್ದು 1963ರಲ್ಲಿ.)

ಅಷ್ಟು ತೂಕವನ್ನು ಅಷ್ಟು ವೇಗದಿಂದ ನಿಲ್ಲಿಸಲು ದೈತ್ಯ ಬ್ರೇಕ್ ಬೇಕು. ಉರುಸ್‌ನ ಮುಂದಿನ ಬ್ರೇಕ್ ಡಿಸ್ಕಿನ ಅಗಲ 440 ಮಿಲಿಮೀಟರ್. ನಮ್ಮ ಬಹಳಷ್ಟು ಟ್ರ್ಯಾಕ್ಟರ್‌ಗಳ ಮುಂಗಾಲಿ 16 ಇಂಚಿನ ರಿಮ್ಮು, ಅಂದರೆ 406 ಮಿಲಿಮೀಟರ್. ಟ್ರ್ಯಾಕ್ಟರಿನ ರಿಮ್ಮಿಗಿಂತ ಇದರ ಬ್ರೇಕ್ ತಟ್ಟೆಯೇ ದೊಡ್ಡದು! ಅದರ ಹೊರಗೆ ಕ್ಯಾಲಿಪರ್ ಬೇರೆ ಕೂರಬೇಕು. ಹಾಗಾಗಿ ಚಳಿಗಾಲಕ್ಕೆಂದು ಚಿಕ್ಕ ರಿಮ್ಮು ಹಾಕೋಣವೆಂದರೆ ಬ್ರೇಕ್ ಒಳಗೆ ಹಿಡಿಯುವುದಿಲ್ಲ. ಆ ಗಾಡಿಗೆ ಕಂಪನಿ ಕೊಡುವ ಅತಿ ಚಿಕ್ಕ ಚಕ್ರವೇ 21 ಇಂಚು, ದೊಡ್ಡದು 23.

ಆದರೂ ಆ ಎರಡು ಇಂಚು ಕಡಿಮೆಯಲ್ಲ. ಮುಂದಿನ 23 ಇಂಚಿನ ಚಕ್ರಕ್ಕೆ 285/35 ಅಳತೆಯ ಟೈರು. ಅಂದರೆ ಅಗಲ 285 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ 35, ಸುಮಾರು 100 ಮಿಲಿಮೀಟರ್. 21 ಇಂಚಿಗೆ ಬಂದರೆ 285/45, ಪಕ್ಕೆ 128 ಮಿಲಿಮೀಟರ್. ರಿಮ್ಮಿನಲ್ಲಿ ಕಳೆದದ್ದು ರಬ್ಬರಿನಲ್ಲಿ ಸಿಕ್ಕಿತು, ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಹೀಗೆ ಉಳಿಯಲೇಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಹಿಂದೆ ಮುಂದೆ ಸುತ್ತಳತೆ ಏರುಪೇರಾದರೆ ನಡುವಿನ ಗೇರು ಸವೆಯುತ್ತದೆ. ಅಗಲ ಮಾತ್ರ ಇಳಿಯಲಿಲ್ಲ ನೋಡಿ. ನಮ್ಮ ಮಾರುತಿ 800ರ ಟೈರು 145 ಮಿಲಿಮೀಟರ್, ಇದು ಅದರ ಹೆಚ್ಚುಕಡಿಮೆ ಎರಡರಷ್ಟು. ಹಿಮದ ವಿಷಯದಲ್ಲಿ ಮಾರುತಿಯದೇ ಸರಿಯಾದ ಆಕಾರ.

ಇಂಥ ಗಾಡಿಯವರು ಚಳಿಗಾಲದ ಟೈರು ಬೇಡ ಎನ್ನಲು ಒಂದೇ ವಾದ: ಫೋರ್ ವೀಲ್ ಡ್ರೈವ್ ಇದೆಯಲ್ಲ. ಅದು ಹೊರಡಲು ನೆರವಾಗುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವಾಗ ಎಲ್ಲ ಕಾರಿಗೂ ನಾಲ್ಕೇ ಚಕ್ರದ ಬ್ರೇಕು, ಒಂದೊಂದು ಚಕ್ರ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈ ಅಗಲ. 650 ಕುದುರೆಗಳು ಅಲ್ಲಿ ಏನೂ ಮಾಡಲಾರವು. ಹೊರಡುವಾಗ ಜಾರದೇ ಇರುವುದರಿಂದ ರಸ್ತೆ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ, ಅದು ಇನ್ನೂ ಕೆಟ್ಟದ್ದು.

23 ಇಂಚಿನ ಹೊಳೆಯುವ ಅಲಾಯ್ ಚಕ್ರವನ್ನು ಚಳಿಗಾಲದಲ್ಲೂ ಬಿಚ್ಚದವರಿದ್ದಾರೆ, ನೋಟಕ್ಕೆ. ಐಸು ಕರಗಲೆಂದು ಆ ದೇಶಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಪಾಲಿಶ್ ಮಾಡಿದ ಅಲಾಯ್‌ಗೆ ಉಪ್ಪು ಹಿಡಿದರೆ ಹೊಳಪು ಹೋಗುತ್ತದೆ. ಆದ್ದರಿಂದ ಚಳಿಗಾಲಕ್ಕೆ ಪೂರ್ತಿ ಪೇಂಟ್ ಆದ ಚಕ್ರ ಬೇರೆ ಇಡುವುದೇ ಜಾಣತನ. ಜರ್ಮನಿಯಲ್ಲಿ ಅಕ್ಟೋಬರ್‌ನಿಂದ ಈಸ್ಟರ್ ತನಕ ಎಂದು ಲೆಕ್ಕ, ಅವರ ಭಾಷೆಯಲ್ಲಿ ಎರಡೂ ‘ಓ’ ಅಕ್ಷರದಿಂದ ಶುರುವಾಗುವುದರಿಂದ ನೆನಪಿಡುವುದು ಸುಲಭ. ಟೈರಿನ ವೇಗದ ಮಿತಿ ಗಾಡಿಯ ವೇಗಕ್ಕಿಂತ ಕಡಿಮೆಯಿದ್ದರೆ, ಉದಾಹರಣೆಗೆ 240 ಕಿಲೋಮೀಟರ್, ಅದನ್ನು ಡ್ರೈವರಿನ ಕಣ್ಣೆದುರು ಸ್ಟಿಕ್ಕರ್ ಅಂಟಿಸಿ ಬರೆಯಬೇಕೆಂಬ ನಿಯಮವೂ ಅಲ್ಲಿದೆ.

ಕಾನೂನುಗಳು ತಡವಾಗಿ ಬಂದವು. ಸ್ವೀಡನ್ 1999ರಲ್ಲಿ ಕಡ್ಡಾಯ ಮಾಡಿತು, ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಲ್ಲಿ. ಟೈರಿನ ಪಕ್ಕೆಯ ಮೇಲೆ ‘ಎಂ ಪ್ಲಸ್ ಎಸ್’ ಎಂಬ ಅಕ್ಷರ ಇದ್ದರೆ ಸಾಕೆಂದು ಜನ ಬಹಳ ಕಾಲ ನಂಬಿದ್ದರು. ಅದು ಕೆಸರು, ಹಿಮ ಎಂಬುದರ ಗುರುತು, ಕಂಪನಿಯೇ ಹಾಕಿಕೊಳ್ಳುವಂಥದ್ದು, ಪರೀಕ್ಷೆ ಬೇಕಿಲ್ಲ. 1999ರಲ್ಲಿ ಉತ್ತರ ಅಮೆರಿಕದ ಟೈರು ತಯಾರಕರು ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು ಇರುವ ಗುರುತು ತಂದರು. ಇದು ಬೇಕಾದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ‘ಎಂ ಪ್ಲಸ್ ಎಸ್’ ನಡೆಯುವುದಿಲ್ಲ.

ನಮ್ಮ ದೇಶದ ಕೈಯೂ ಈ ವ್ಯಾಪಾರದಲ್ಲಿದೆ. ಕೇರಳದಲ್ಲಿ ಮೊದಲ ಕಾರ್ಖಾನೆ ಕಟ್ಟಿದ ಅಪೊಲೊ ಟೈರ್ಸ್ 2009ರಲ್ಲಿ ನೆದರ್‌ಲ್ಯಾಂಡ್ಸಿನ ವ್ರೆಡೆಸ್ಟೈನ್ ಕಂಪನಿಯನ್ನು ಕೊಂಡಿತು. ವೇಗದ ದೊಡ್ಡ ಗಾಡಿಗಳಿಗೆ ಚಳಿಗಾಲದ ಟೈರು ಮಾಡುವುದರಲ್ಲಿ ಅದು ಹಳೆಯ ಹೆಸರು.

ಹೊರದೇಶದಲ್ಲಿರುವ ಮಗ, ಮಗಳು ಹಳೆ ಕಾರು ಕೊಳ್ಳುತ್ತಿದ್ದರೆ ಫೋನಿನಲ್ಲಿ ಎರಡು ವಿಷಯ ಕೇಳಿ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಗುರುತು ಇದೆಯಾ? ಅದರ ಹತ್ತಿರ ಇರುವ ನಾಲ್ಕು ಅಂಕಿ ಏನು? 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ರಬ್ಬರಿಗೆ ವಯಸ್ಸಾದಷ್ಟೂ ಗಡುಸು. ಆ ನಾಲ್ಕು ಅಂಕಿ ನಿಮ್ಮ ಬೈಕಿನ ಟೈರಿನಲ್ಲೂ ಇರುತ್ತದೆ.